ಡಿಗ್ರಿಯ ಲ್ಯಾಪ್‌ಟಾಪು, ಅಜ್ಜಿಯ ಮಂಡಿ

ಅವನು ಹ್ಯಾಚರಿಯಲ್ಲಿ ಕೆಲಸಕ್ಕಿದ್ದ. ಮೊಟ್ಟೆಗಳನ್ನು ಯಂತ್ರದೊಳಗಿಟ್ಟು ಕೋಳಿಮರಿ ಮಾಡಿಸುವ ಜಾಗ ಅದು. ನಿಮ್ಮ ಉದ್ಯೋಗವೇನು ಎಂದು ಯಾರಾದರೂ ಕೇಳಿದರೆ, "ಕಾವು ಕೂರೋದು" ಎನ್ನುತ್ತಿದ್ದ. "ಕೋಳಿ ಪುಕ್ಕಟೆ ಮಾಡ್ತಿತ್ತು, ನಾನು ಸಂಬಳಕ್ಕೆ ಮಾಡ್ತೀನಿ. ಕೋಳಿಗೆ ಭಾನುವಾರ ರಜ ಇರಲಿಲ್ಲ, ನನಗಿದೆ. ಬಿಟ್ರೆ ಇಬ್ರಿಗೂ ಅಂಥ ವ್ಯತ್ಯಾಸ ಏನಿಲ್ಲ."

ಯಾವುದನ್ನು ಮುಟ್ಟಿದರೂ ಅದರ ಬಿಸಿ ಎಷ್ಟು ಎಂದು ಹೇಳುವ ಚಟ ಅವನಿಗೆ ಅಲ್ಲಿಯೇ ಅಂಟಿದ್ದು. ಚಹಾದ ಲೋಟ ಹಿಡಿದರೆ "ಅರವತ್ತು". ಬಸ್ಸಿನ ಕಂಬಿ ಹಿಡಿದರೆ "ಮೂವತ್ತೊಂಬತ್ತು". ಜೊತೆಯವನಿಗೆ ಜ್ವರ ಬಂದಾಗ ಹಣೆ ಮುಟ್ಟಿ, "ಮೂವತ್ತೆಂಟೂವರೆ, ನೀನು ಮೊಟ್ಟೆಯಾಗಿದ್ದರೆ ಇಷ್ಟೊತ್ತಿಗೆ ಕೆಟ್ಟುಹೋಗಿರ್ತಿದ್ದೆ" ಎಂದು ಸಮಾಧಾನ ಹೇಳಿದ್ದ. ಆವತ್ತಿನಿಂದ ಹ್ಯಾಚರಿಯಲ್ಲಿ ಎಲ್ಲರೂ ಅವನನ್ನು ಡಿಗ್ರಿ ಎಂದು ಕರೆಯತೊಡಗಿದರು. ಹೆಸರು ಮನೆಯವರೆಗೂ ಹಿಂಬಾಲಿಸಿಕೊಂಡು ಬಂತು. ಈಗ ಹೆತ್ತ ತಾಯಿಯೇ ಊಟಕ್ಕೆ ಹಾಗೆ ಕೂಗುತ್ತಾಳೆ.

ಡಿಗ್ರಿಗೆ ಒಪ್ಪಿಸಿದ್ದು ಮರಿಕೋಣೆ. ಮೊಟ್ಟೆಯಿಂದ ಆಗಷ್ಟೇ ಹೊರಬಂದ ಮರಿಗಳನ್ನು ಗಾಡಿ ಬರುವವರೆಗೆ ರಟ್ಟಿನ ಡಬ್ಬಿಗಳಲ್ಲಿ ಬೆಚ್ಚಗೆ ಇಡುವ ಕೋಣೆ. ಮೇಲೆ ಕೆಂಪು ದೀಪಗಳು, ಕೆಳಗೆ ಹಳದಿ ಗದ್ದಲ. ಸೆಕೆ ಹೆಚ್ಚಾದರೆ ಮರಿಗಳೇ ಬಾಯಿ ತೆರೆದುಕೊಂಡು ಹೇಳಿಬಿಡುತ್ತವೆ, ಅದಕ್ಕೆ ಯಂತ್ರ ಬೇಕಿಲ್ಲ. ಭಯವೆಲ್ಲ ಚಳಿಯದು. ಕೋಣೆ ಸ್ವಲ್ಪ ತಣ್ಣಗಾದರೆ ಸಾಕು, ಗೋಡೆಯ ಮೇಲಿನ ಗಂಟೆ ಟ್ಯಾಂ ಟ್ಯಾಂ ಟ್ಯಾಂ ಎಂದು ತಲೆ ಒಡೆಯುವ ಹಾಗೆ ಬಡಿದುಕೊಳ್ಳುತ್ತದೆ. ಆಗ ಡಿಗ್ರಿ ಮಾಡಬೇಕಾದ್ದು ಇಷ್ಟು: ಕಿಟಕಿ ಮುಚ್ಚು, ಫ್ಯಾನು ಆರಿಸು, ಡಬ್ಬಿಗಳ ಮೇಲೆ ಕಂಬಳಿ ಹೊದಿಸು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದನ್ನು ಯೋಚಿಸಿ ಮಾಡುತ್ತಿದ್ದ. ಈಗ ಯೋಚನೆಗೆ ಅಲ್ಲಿ ಕೆಲಸವೇ ಇಲ್ಲ. ಬಾಯಲ್ಲಿ ತುತ್ತಿರಲಿ, ಕೈಯಲ್ಲಿ ಫೋನಿರಲಿ, ಎದುರಿಗೆ ಯಜಮಾನರೇ ನಿಂತು ಬೈಯುತ್ತಿರಲಿ, ಗಂಟೆ ಬಾರಿಸಿತೆಂದರೆ ಕಾಲು ತಾನಾಗಿ ಏಳುತ್ತದೆ, ಕೈ ತಾನಾಗಿ ಕಿಟಕಿ ಹುಡುಕುತ್ತದೆ. ಕಂಬಳಿ ಹೊದಿಸುತ್ತ ಬಾಯಿ ಕೂಡ ತನ್ನಷ್ಟಕ್ಕೆ, "ಹೆದರ್ಬೇಡ್ರೋ, ಬಂದೆ ಬಂದೆ, ಹೆದರ್ಬೇಡ್ರೋ" ಎನ್ನುತ್ತದೆ. ಮರಿಗಳು ಹೆದರಿದ್ದವೋ ಇಲ್ಲವೋ, ಯಜಮಾನರು ಮಾತ್ರ ಒಂದೆರಡು ಸಲ ಹೆದರಿದ್ದುಂಟು.

ಹೀಗೆ ಹಗಲೆಲ್ಲ ಬೆಚ್ಚಗಿಡುವ ಕೆಲಸ ಮಾಡಿ ಮನೆಗೆ ಬಂದವನು ಸಂಜೆಯೆಲ್ಲ ಮಾಡುತ್ತಿದ್ದುದು ತಣ್ಣಗಿಡುವ ಕೆಲಸ. ಅವನ ಬಳಿ ಒಂದು ಗೇಮಿಂಗ್ ಲ್ಯಾಪ್‌ಟಾಪ್ ಇತ್ತು. ಅವನ ಕೈಗೆ ಬರುವ ಮೊದಲು ಇನ್ನಿಬ್ಬರು ಅದರ ಜೀವ ತೆಗೆದಿದ್ದರು. ಮಿಕ್ಕಿದ್ದನ್ನು ಇವನು ತೆಗೆಯುತ್ತಿದ್ದ. ಅದರೊಳಗೆ ಆಟದ ಚಿತ್ರಗಳನ್ನು ಬಿಡಿಸಿ ಪರದೆಗೆ ಕಳಿಸುವ ಗ್ರಾಫಿಕ್ಸ್ ಕಾರ್ಡ್ ಎಂಬುದಿದೆ. ಇಷ್ಟು ವೇಗದಲ್ಲಿ ಕೆಲಸ ಮಾಡು ಎಂದು ಅದಕ್ಕೆ ಕಂಪನಿಯವರು ಹೇಳಿ ಕಳಿಸಿರುತ್ತಾರೆ. ಅದಕ್ಕಿಂತ ಹೆಚ್ಚು ಓಡಿಸುವುದೇ ಓವರ್‌ಕ್ಲಾಕಿಂಗ್. ಬೆವರು ಹರಿಸುವ ವಿದ್ಯೆಯೇನಲ್ಲ. ಪರದೆಯ ಮೇಲೆ ಒಂದು ಗೀಟು, ಗೀಟಿನ ಮೇಲೊಂದು ಗುಂಡಿ. ಗುಂಡಿಯನ್ನು ಚೂರು ಬಲಕ್ಕೆ ತಳ್ಳಬೇಕು, ಆಟ ಹಚ್ಚಿ ನೋಡಬೇಕು, ಕೆಡಲಿಲ್ಲವಾದರೆ ಇನ್ನೂ ಚೂರು ತಳ್ಳಬೇಕು. ಪರದೆಯಲ್ಲಿ ಆಕಾಶಕ್ಕೆ ಹಸಿರು ಚುಕ್ಕೆ ಬಿದ್ದರೆ, ಅತಿಯಾಯಿತು ಎಂದು ತಿಳಿದು ಚೂರು ಹಿಂದಕ್ಕೆ ಎಳೆಯಬೇಕು. ಇಷ್ಟೆಲ್ಲ ಮಾಡಿ ಡಿಗ್ರಿ ಗಳಿಸಿದ್ದು ಸೆಕೆಂಡಿಗೆ ಏಳು ಚಿತ್ರ ಹೆಚ್ಚು. ಆ ಏಳನ್ನು ಅವನ ಕಣ್ಣು ಇದುವರೆಗೆ ಕಂಡಿಲ್ಲ. ಪರದೆಯ ಮೂಲೆಯಲ್ಲಿ ಸಂಖ್ಯೆ ತೋರಿಸುತ್ತಿತ್ತು, ಅದನ್ನು ನೋಡಿಕೊಂಡು ಖುಷಿಪಡುತ್ತಿದ್ದ.

ತೊಂದರೆ ಏನೆಂದರೆ, ಹೆಚ್ಚು ಓಡುವುದೆಲ್ಲ ಹೆಚ್ಚು ಕಾಯುತ್ತದೆ. ಲ್ಯಾಪ್‌ಟಾಪು ಅಂಗೈಯಗಲದ ಜಾಗದಲ್ಲಿ ಒಲೆಯನ್ನೇ ಬಚ್ಚಿಟ್ಟುಕೊಂಡಂತೆ ಕಾಯುತ್ತಿತ್ತು. ಒಂದು ಹಂತ ದಾಟಿದರೆ ಅದು ತನಗೆ ತಾನೇ ನಿಧಾನವಾಗುತ್ತಿತ್ತು. ಇನ್ನೂ ದಾಟಿದರೆ ಹೇಳದೆ ಕೇಳದೆ ಆರಿಹೋಗುತ್ತಿತ್ತು, ಮುನಿಸಿಕೊಂಡು ಮುಸುಕೆಳೆದು ಮಲಗಿದವರ ಹಾಗೆ.

ಅದನ್ನು ತಣ್ಣಗಿಡಲು ಡಿಗ್ರಿ ಪಡದ ಪಾಡಿಲ್ಲ. ತಳ ಬಿಚ್ಚಿ ಒಳಗಿನ ಪುಟ್ಟ ಫ್ಯಾನುಗಳ ಧೂಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದ. ಬಿಸಿ ಹೀರಲೆಂದು ಚಿಪ್‌ನ ಮೇಲೆ ಹಚ್ಚುವ ಪೇಸ್ಟು ಒಣಗಿ ಸುಣ್ಣವಾಗಿತ್ತು, ಅದನ್ನು ಕೆರೆದು ಹೊಸದು ಹಚ್ಚಿದ. ತಳಕ್ಕೆ ಗಾಳಿಯಾಡಲಿ ಎಂದು ಹ್ಯಾಚರಿಯಿಂದ ಮೊಟ್ಟೆ ಇಡುವ ಟ್ರೇ ತಂದು ಬೋರಲು ಹಾಕಿ ಅದರ ಮೇಲೆ ಕೂರಿಸಿದ. ಈ ಉಪಾಯ ನಿಜಕ್ಕೂ ಫಲಿಸಿತು. ಮೂರು ಡಿಗ್ರಿ ಇಳಿಯಿತು. ಹುರುಪು ಹೆಚ್ಚಾಗಿ ಒಂದು ದಿನ ಫ್ರಿಜ್ಜಿನ ಐಸನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ತಳದಲ್ಲಿಟ್ಟ. ಚೀಲದ ಹೊರಮೈ ಬೆವರಿ ಮೇಜೆಲ್ಲ ನೀರಾಯಿತು. ಅಮ್ಮ ಬಾಗಿಲಲ್ಲಿ ನಿಂತು ನೋಡಿ, "ನನಗೆ ತಲೆನೋವು ಬಂದಾಗ ಒಂದು ಒದ್ದೆ ಬಟ್ಟೆ ಕೊಟ್ಟೋನಲ್ಲ, ಅದಕ್ಕೆ ಐಸ್ ಇಡ್ತಿದಾನೆ ನೋಡು" ಎಂದು ಮೂಗು ಮುರಿದಳು.

ಕೊನೆಗೆ ಲ್ಯಾಪ್‌ಟಾಪನ್ನು ಉಳಿಸಿದ್ದು ಕಿಟಕಿ. ಡಿಗ್ರಿಯ ಕೋಣೆ ಮನೆಯ ಮೂಲೆಯದು. ಅಗಲವಾದ ಕಿಟಕಿ, ಸಂಜೆಯಾದರೆ ಸುಯ್ಯೆಂದು ಬರುವ ಗಾಳಿ, ಮೇಲೆ ಜೋರಾಗಿ ತಿರುಗುವ ಫ್ಯಾನು. ಕಿಟಕಿ ತೆರೆದು ಫ್ಯಾನು ಹಾಕಿದರೆ ಲ್ಯಾಪ್‌ಟಾಪು ಎಂಬತ್ತರ ಆಸುಪಾಸಿನಲ್ಲಿ ಸುಮ್ಮನಿರುತ್ತಿತ್ತು. ಆ ಕೋಣೆಯೊಂದಿದ್ದರೆ ಅವನಿಗೆ ಬೇರೆ ಆಸ್ತಿ ಬೇಕಿರಲಿಲ್ಲ.

ಈ ಪ್ರಪಂಚದಲ್ಲಿ ಆಟ ಆಡು ಎಂದು ಹುರಿದುಂಬಿಸುವ ಹಿರಿಯರು ಯಾರಾದರೂ ಇದ್ದರೆ ಅದು ಡಿಗ್ರಿಯ ಅಜ್ಜಿ. ಅದಕ್ಕೆ ಕಾರಣ ಅವಳ ಎಡಮಂಡಿ. ಎಷ್ಟೋ ಎಣ್ಣೆ, ಎಷ್ಟೋ ಮುಲಾಮು ಕುಡಿದು ಜಪ್ಪಯ್ಯ ಎಂದರೂ ಬಗ್ಗದಿದ್ದ ಮಂಡಿ, ಒಂದು ಸಂಜೆ ಲ್ಯಾಪ್‌ಟಾಪಿನ ಹಿಂಬದಿಯಿಂದ ಬರುವ ಬಿಸಿಗಾಳಿ ತಾಗಿದ್ದೇ ಹೂವಿನ ಹಾಗೆ ಅರಳಿತು. ಅಂದಿನಿಂದ ಡಿಗ್ರಿ ಆಟಕ್ಕೆ ಕೂತನೆಂದರೆ ಅಜ್ಜಿ ತನ್ನ ಕುಳ್ಳು ಕುರ್ಚಿ ಎಳೆದುಕೊಂಡು ಬಂದು, ಮಂಡಿಗೆ ಸುತ್ತಿದ ಶಾಲು ಬಿಚ್ಚಿ, ಶಾಖಕ್ಕೆ ಒಡ್ಡಿ ಕೂರುತ್ತಿದ್ದಳು.

"ಬಿಸಿನೀರಿನ ಚೀಲ ಆರಿಹೋಗುತ್ತೆ ಮಗಾ, ಇದು ಆರಲ್ಲ ನೋಡು. ಆಡು, ಆಡು. ಯಾಕೆ ನಿಲ್ಲಿಸ್ದೆ?"

"ಸತ್ತೋದೆ ಅಜ್ಜಿ."

"ಸತ್ರೆ ಸಾಯಿ, ಮತ್ತೆ ಹುಟ್ಕೊಂಡು ಆಡು. ಮಂಡಿ ಇನ್ನೂ ಅರ್ಧ ಆಗಿದೆ."

ಒಂದೇ ಕಿರಿಕಿರಿ ಎಂದರೆ ಅಜ್ಜಿಗೆ ಕಿಟಕಿ ಕಂಡರಾಗದು. ಇವನು ತೆರೆದರೆ, "ಶಾಖ ಎಲ್ಲ ಹೊರಗೆ ಹೋಗುತ್ತಲ್ಲೋ" ಎಂದು ಅವಳು ಗೊಣಗುತ್ತಿದ್ದಳು. ತಣ್ಣಗಾಗಲಿ ಎನ್ನುವವನು ಮೇಜಿನ ಈಚೆ, ಕಾಯಲಿ ಎನ್ನುವವಳು ಮೇಜಿನ ಆಚೆ. ಹೇಗೋ ಹೊಂದಿಕೊಂಡು ಹೋಗುತ್ತಿತ್ತು.

ಅಷ್ಟರಲ್ಲಿ ಅಕ್ಕನ ಮನೆಯ ನೆಲ ಕೀಳಿಸುವ ಕೆಲಸ ಶುರುವಾಯಿತು. ಹೊಸ ನೆಲ ಹಾಕಿ ಒಣಗುವ ತನಕ ಅಕ್ಕ, ಭಾವ ಇಲ್ಲಿಯೇ ಬಂದು ಇರುವುದೆಂದು ತೀರ್ಮಾನವಾಯಿತು. ಸುಡುಬೇಸಿಗೆ ಬೇರೆ. ಅಕ್ಕ, ಭಾವ ಊಟಕ್ಕೆ ಬಂದಿದ್ದ ದಿನ ಅಮ್ಮ, ಸಾರು ಬಡಿಸಿದಷ್ಟೇ ಸಲೀಸಾಗಿ ಹೇಳಿದಳು:

"ಅವರು ಕಿಟಕಿ ರೂಮಲ್ಲಿ ಇರ್ತಾರೆ. ನೀನು ಅಜ್ಜಿ ರೂಮಿಗೆ ಹೋಗು."

ಡಿಗ್ರಿಯ ಕೈ ತಟ್ಟೆಯಲ್ಲಿಯೇ ನಿಂತಿತು. ಅಜ್ಜಿಯ ಕೋಣೆ ಎಂದರೆ ಅಡುಗೆಮನೆಯ ಬೆನ್ನಿಗೆ ಅಂಟಿದ್ದು. ಆಚೆ ಬದಿಯಲ್ಲಿ ಒಲೆ, ಈಚೆ ಬದಿಯಲ್ಲಿ ಅಜ್ಜಿಯ ಮಂಚ. ಕಿಟಕಿ ಇಲ್ಲ. ಗೋಡೆ ಮುಟ್ಟಿದರೆ ಮಧ್ಯಾಹ್ನದ ಹೊತ್ತು ಮೂವತ್ತೇಳು ಇರುತ್ತದೆ, ಮೊಟ್ಟೆ ಇಟ್ಟರೆ ಮರಿಯಾಗುತ್ತದೆ. ಅಲ್ಲಿ ಲ್ಯಾಪ್‌ಟಾಪು ಬದುಕಿ ಉಳಿಯುವ ಮಾತೇ ಇಲ್ಲ.

"ಆಗಲ್ಲಮ್ಮ. ಅಲ್ಲಿ ಸೆಕೆ."

"ಅಜ್ಜಿ ಇಲ್ವಾ ಅಲ್ಲಿ?"

"ಅಜ್ಜಿಗೆ ಗ್ರಾಫಿಕ್ಸ್ ಕಾರ್ಡ್ ಇಲ್ಲ."

"ಲೋ, ನಾನೇನು ಜೀವನಪೂರ್ತಿ ಬಂದು ಕೂರ್ತೀನಾ?" ಎಂದಳು ಅಕ್ಕ. "ಆ ಡಬ್ಬಾ ಪೆಟ್ಟಿಗೆಗೆ ಗಾಳಿ ಬೇಕಂತೆ, ಹೆತ್ತ ಅಕ್ಕನಿಗೆ ಬೇಡ್ವಂತೆ."

"ನೀನು ಯಾವಾಗ ನನ್ನ ಹೆತ್ತೆ?"

ಜಗಳ ಕಾವೇರುವ ಮೊದಲು ಭಾವ ಕೈ ಅಡ್ಡ ಹಿಡಿದರು. ಭಾವ ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವರು. ಶಾಂತ ಸ್ವಭಾವ. ದಿನವಿಡೀ ಹೊಸಬರ ಪಕ್ಕದಲ್ಲಿ ಜೀವ ಅಂಗೈಯಲ್ಲಿ ಹಿಡಿದು ಕೂತು ಅವರಿಗೆ ಒಂದು ಅಭ್ಯಾಸವಾಗಿಬಿಟ್ಟಿತ್ತು: ಯಾರಾದರೂ ಜೋರಾಗಿ ಮಾತಾಡಿದರೆ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು, ಅಲ್ಲಿ ಬ್ರೇಕ್ ಇರುವ ಹಾಗೆ. ಈಗಲೂ ಊಟದ ಮೇಜಿನ ಕೆಳಗೆ ಅದನ್ನು ಒತ್ತಿಕೊಂಡೇ ಹೇಳಿದರು:

"ಭಾಮೈದ, ಜಗಳ ಯಾಕೆ? ನೀನು ಅದ್ಯಾವುದೋ ಕಾರ್ ಓಡಿಸೋ ಆಟ ಆಡ್ತೀಯಲ್ಲ, ಅದನ್ನೇ ಆಡೋಣ. ಗೆದ್ದೋರಿಗೆ ಕಿಟಕಿ ರೂಮು."

ಡಿಗ್ರಿಗೆ ಕಿವಿ ನಂಬಲಾಗಲಿಲ್ಲ. ಆ ಆಟದಲ್ಲಿ ಅವನದು ಎತ್ತಿದ ಕೈ. ಭಾವನೋ, ಜೀವಮಾನದಲ್ಲಿ ಮೂರನೇ ಗೇರು ದಾಟದ ಮನುಷ್ಯ. ಇದು ಪಂದ್ಯವಲ್ಲ, ಕೋಣೆಯನ್ನು ಕಾಗದ ಸುತ್ತಿ ಉಡುಗೊರೆ ಕೊಟ್ಟ ಹಾಗೆ.

"ಆಮೇಲೆ ಮಾತು ಬದಲಾಯಿಸಬಾರ್ದು ಭಾವ."

"ಇಂಡಿಕೇಟರ್ ಹಾಕಿದ ಮೇಲೆ ನಾನು ತಿರುಗೇ ತಿರುಗ್ತೀನಿ."

ಭಾನುವಾರ ಮಧ್ಯಾಹ್ನ ಪಂದ್ಯ ಎಂದಾಯಿತು. ಅದೇ ಲ್ಯಾಪ್‌ಟಾಪು, ಅದೇ ರಸ್ತೆ, ಮೂರು ಸುತ್ತು. ಬೇರೆ ಕಾರುಗಳಿರುವುದಿಲ್ಲ, ಒಬ್ಬೊಬ್ಬರೇ ಓಡಿಸಬೇಕು, ಕಡಿಮೆ ಹೊತ್ತು ತೆಗೆದುಕೊಂಡವರು ಗೆದ್ದಂತೆ. ತೀರ್ಪು ಅಜ್ಜಿಯದು. ಯಾಕೆಂದರೆ ಅವಳು ಎರಡೂ ಕಡೆಗೆ ಸೇರಿದವಳಲ್ಲ ಎಂದು ಎಲ್ಲರೂ ನಂಬಿದ್ದರು. ಮಂಡಿಯ ವಿಷಯ ಆಗ ಯಾರ ತಲೆಗೂ ಹೊಳೆಯಲಿಲ್ಲ.

ಡಿಗ್ರಿ ಆ ದಿನ ಬೆಳಗ್ಗೆ ಎದ್ದವನೇ ತಯಾರಿಗೆ ಇಳಿದ. ಫ್ಯಾನುಗಳ ಧೂಳು ಮತ್ತೊಮ್ಮೆ ತೆಗೆದ. ಮೊಟ್ಟೆ ಟ್ರೇ ಬದಲಾಯಿಸಿದ. ಒಂದೇ ಚಿಂತೆ ಅವನನ್ನು ಕೊರೆಯುತ್ತಿತ್ತು: ಆಟದ ಗುಂಗಿನಲ್ಲಿ ಲ್ಯಾಪ್‌ಟಾಪಿನ ಬಿಸಿ ನೋಡಲು ಮರೆತುಬಿಟ್ಟರೆ? ಬಿಸಿ ಮಿತಿ ಮೀರಿದಾಗ ಸದ್ದು ಮಾಡುವ ಒಂದು ಸಣ್ಣ ಪ್ರೋಗ್ರಾಂ ಅದರಲ್ಲಿತ್ತು. ಆದರೆ ಅದು ಮಾಡುತ್ತಿದ್ದುದು ಟಿಣ್ ಎಂಬ ನಾಜೂಕಿನ ಸದ್ದು. ಅಂಥ ಸದ್ದಿಗೆಲ್ಲ ಡಿಗ್ರಿ ಜಗ್ಗುವವನಲ್ಲ. ಫೋನಿನ ಅಲಾರಂ ಅರ್ಧ ಹಾಡು ಹಾಡಿದರೂ ಹೊರಳಿ ಮಲಗುವವನು. ಅವನನ್ನು ಎಲ್ಲಿದ್ದರೂ ಎಬ್ಬಿಸುವ ಸದ್ದು ಈ ಭೂಮಿಯ ಮೇಲೆ ಒಂದೇ. ಅದನ್ನು ಹಿಂದೊಮ್ಮೆ ತಮಾಷೆಗೆಂದು ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದ. ಈಗ ಅದನ್ನೇ ಲ್ಯಾಪ್‌ಟಾಪಿಗೆ ಹಾಕಿದ. ಬಿಸಿ ತೊಂಬತ್ತು ಮುಟ್ಟಿದರೆ ಮರಿಕೋಣೆಯ ಗಂಟೆ ಬಾರಿಸುತ್ತದೆ; ತಕ್ಷಣ ಗುಂಡಿಯನ್ನು ಎಡಕ್ಕೆ ಎಳೆದರಾಯಿತು. ಏನು ತಲೆ ನನ್ನದು ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ. ಪರೀಕ್ಷೆ ಮಾಡಿ ನೋಡೋಣವೆಂದರೆ, ಬೆಳಗಿನ ತಂಪಿಗೆ ಲ್ಯಾಪ್‌ಟಾಪು ಎಂಬತ್ತು ದಾಟಲಿಲ್ಲ. ಇನ್ನೂ ಒಳ್ಳೆಯದೇ ಆಯಿತು ಎಂದುಕೊಂಡ.

ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ಕಿಟಕಿ ಕೋಣೆಯಲ್ಲಿ ಸೇರಿದರು. ಸದ್ದು ಎಲ್ಲರಿಗೂ ಕೇಳಬೇಕೆಂದು ಅಕ್ಕ ಹೆಡ್‌ಫೋನ್ ಕಿತ್ತು ಸ್ಪೀಕರ್ ಜೋರು ಮಾಡಿಸಿದಳು. ಅಜ್ಜಿ ಶಾಲು ಸುತ್ತಿದ ಮಂಡಿಯ ಸಮೇತ ಕುಳ್ಳು ಕುರ್ಚಿಯಲ್ಲಿ ಸ್ಥಾಪಿತಳಾದಳು.

ಮೊದಲು ಭಾವ. ಡಿಗ್ರಿ ದೊಡ್ಡ ಮನಸ್ಸು ಮಾಡಿ ಅವರಿಗಾಗಿ ಗುಂಡಿಯನ್ನು ಸೊನ್ನೆಗೆ ಇಳಿಸಿಕೊಟ್ಟ. "ನಿಮಗೆ ಓವರ್‌ಕ್ಲಾಕ್ ಎಲ್ಲ ಬೇಡ ಭಾವ, ತಲೆ ಸುತ್ತುತ್ತೆ."

ಭಾವ ಕುರ್ಚಿಯನ್ನು ಮುಂದೆ ಎಳೆದುಕೊಂಡರು, ಹಿಂದೆ ತಳ್ಳಿದರು, ಮತ್ತೆ ಚೂರು ಮುಂದೆ ಎಳೆದುಕೊಂಡರು. ಕೈ ಭುಜದ ಹಿಂದೆ ಹೋಗಿ ಇಲ್ಲದ ಬೆಲ್ಟನ್ನು ಹುಡುಕಿ ಬಂತು.

"ಕನ್ನಡಿ ಎಲ್ಲಿ ಇದರಲ್ಲಿ?"

"ಕನ್ನಡಿ ಬೇಕಾಗಿಲ್ಲ, ಹಿಂದೆ ಯಾರೂ ಇಲ್ಲ."

"ಹಿಂದೆ ಯಾರೂ ಇಲ್ಲ ಅಂತ ಕನ್ನಡಿ ನೋಡ್ದೆ ಹೇಗೆ ಗೊತ್ತಾಗುತ್ತೆ ಭಾಮೈದ?"

ಕೆಂಪು ಕಾರು ಹೊರಟಿತು. ಹೊರಟಿತು ಎಂಬುದು ದೊಡ್ಡ ಮಾತು. ಪ್ರತಿ ತಿರುವಿಗೂ ನಿಧಾನಿಸಿ, ಹಾರನ್ ಹೊಡೆದು, ಅತ್ತಿತ್ತ ನೋಡಿ, ಆಮೇಲೆ ಭಾವ ತಿರುಗಿಸುತ್ತಿದ್ದರು. ರಸ್ತೆ ಬದಿಯಲ್ಲಿ ಬಾವುಟ ಬೀಸುವ ಜನ ಕಂಡರೆ, "ಜನ ಇದಾರೆ, ಹುಷಾರು" ಎಂದು ತಮಗೆ ತಾವೇ ಹೇಳಿಕೊಂಡು ಬ್ರೇಕ್ ಒತ್ತುತ್ತಿದ್ದರು. ಕೀಲಿಮಣೆಯ ಬ್ರೇಕ್ ಸಾಲದೆ ಮೇಜಿನ ಕೆಳಗಿನದನ್ನೂ ಒತ್ತುತ್ತಿದ್ದರು. ಎರಡನೆಯ ಸುತ್ತಿನಲ್ಲಿ ಅಮ್ಮ ಆಕಳಿಸಿದಳು. ಮೂರನೆಯ ಸುತ್ತು ಮುಗಿಯುವಷ್ಟರಲ್ಲಿ ಅಜ್ಜಿ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು. ಗೆರೆ ದಾಟಿದ ಮೇಲೂ ಭಾವ ಕಾರನ್ನು ರಸ್ತೆಯ ಅಂಚಿಗೆ ನೀಟಾಗಿ ತಂದು ನಿಲ್ಲಿಸಿಯೇ ಕೈ ತೆಗೆದರು.

"ಒಂದು ಗೀರು ಬಿದ್ದಿಲ್ಲ ನೋಡು" ಎಂದರು ಹೆಮ್ಮೆಯಿಂದ.

"ಎಮ್ಮೆ ಮೇಲೆ ಕೂತು ಹೋಗಿದ್ರೂ ಇದಕ್ಕಿಂತ ಬೇಗ ಬರಬಹುದಿತ್ತು ರೀ" ಎಂದಳು ಅಕ್ಕ. ಕಿಟಕಿ ಕೈಬಿಟ್ಟಿತೆಂದು ಅವಳಿಗೆ ಖಾತ್ರಿಯಾಗಿತ್ತು. ತಮ್ಮನ ಕಡೆ ತಿರುಗಿ, "ಸುಮ್ನೆ ಓಡಿಸಿ ಮುಗಿಸು ಮಾರಾಯಾ. ನಿಂಗಿನ್ನು ಏನು ಕಷ್ಟ?" ಎಂದಳು.

ನಿಜ, ಏನೂ ಕಷ್ಟವಿರಲಿಲ್ಲ. ಅರ್ಧ ದಾರಿಯಲ್ಲಿ ಇಳಿದು ಹೋಗಿ ಚಹಾ ಕುಡಿದು ಬಂದಿದ್ದರೂ ಡಿಗ್ರಿ ಗೆಲ್ಲುತ್ತಿದ್ದ. ಸುಮ್ಮನೆ ಕೂತು ಓಡಿಸಿದ್ದರೆ ಕೋಣೆ ಅವನದು. ಆದರೆ ಎಲ್ಲರೂ ನೋಡುತ್ತ ಕೂತಿದ್ದಾರೆ. ಈ ಮನೆಯಲ್ಲಿ ಅವನ ಆಟವನ್ನು ಎಲ್ಲರೂ ಒಟ್ಟಿಗೆ ಕೂತು ನೋಡಿದ್ದು ಇದೇ ಮೊದಲು. ಅವನ ಕೈ ಸುಮ್ಮನಿರಲಿಲ್ಲ.

"ಮುಗಿಸೋದು ದೊಡ್ಡದಲ್ಲ ಅಕ್ಕ. ಹೇಗೆ ಮುಗಿಸ್ತೀನಿ ನೋಡು" ಎಂದು ಗುಂಡಿಯನ್ನು ಎಂದಿನ ಜಾಗಕ್ಕೆ ತಳ್ಳಿದ. ಅಲ್ಲಿಂದ ಇನ್ನೂ ಚೂರು ತಳ್ಳಿದ. ಆಟದ ಚಿತ್ರಗಳ ಗುಣಮಟ್ಟವನ್ನೂ ತುಟ್ಟತುದಿಗೆ ಏರಿಸಿದ. "ಈಗ ಕಾರಿನ ಬಾಗಿಲಲ್ಲಿ ಮೋಡ ಕಾಣುತ್ತೆ ನೋಡ್ತಿರಿ."

"ಮೋಡ ನೋಡೋಕೆ ಹೊರಗೆ ಹೋಗಬಾರ್ದಾ?" ಎಂದಳು ಅಮ್ಮ.

ಕಾರು ಚಿಮ್ಮಿತು. ನಿಜಕ್ಕೂ ಬಾಗಿಲಲ್ಲಿ ಮೋಡ ಕಂಡಿತು. ಡಿಗ್ರಿ ಮೈಯೆಲ್ಲ ಕಣ್ಣಾಗಿ ಕೂತಿದ್ದ. ಮೊದಲ ಸುತ್ತು ಮುಗಿದಾಗ ಅಮ್ಮ ಆಕಳಿಸುವುದನ್ನು ಬಿಟ್ಟಳು. ಎರಡನೆಯ ಸುತ್ತಿನಲ್ಲಿ ಅಕ್ಕ ತನಗೇ ಗೊತ್ತಿಲ್ಲದೆ ತಮ್ಮನ ಕಡೆ ಸೇರಿ, "ಬಲಕ್ಕೆ, ಬಲಕ್ಕೆ!" ಎಂದು ಕೂಗತೊಡಗಿದಳು. ಭಾವನ ಬಲಗಾಲು ನೆಲಕ್ಕೆ ಅಂಟಿಕೊಂಡಿತ್ತು, ಎಷ್ಟು ಒತ್ತಿದರೂ ಭಾಮೈದನ ಕಾರು ನಿಲ್ಲಲಿಲ್ಲ. ಲ್ಯಾಪ್‌ಟಾಪಿನ ಒಳಗಿನ ಫ್ಯಾನುಗಳು ಹಾರಲು ಹೊರಟ ವಿಮಾನದಂತೆ ಮೊರೆಯುತ್ತಿದ್ದವು. ನಿದ್ದೆಯಲ್ಲಿಯೇ ಅಜ್ಜಿಯ ಮುಖದ ಮೇಲೆ ಒಂದು ನಗು ಮೂಡಿತು. ಮಂಡಿಗೆ ಸಮಾಚಾರ ತಲುಪಿತ್ತು.

ಮೂರನೆಯ ಸುತ್ತು, ಕೊನೆಯ ತಿರುವು. ಗೆರೆ ಕಾಣುತ್ತಿತ್ತು. ಗೆರೆಯ ಆಚೆ ಬೀಸುತ್ತಿದ್ದ ಬಾವುಟಗಳು, ಅವುಗಳ ಆಚೆ ಬೇಸಿಗೆಯಿಡೀ ಅವನದೇ ಆಗಲಿದ್ದ ಕಿಟಕಿ.

ಟ್ಯಾಂ ಟ್ಯಾಂ ಟ್ಯಾಂ ಟ್ಯಾಂ!

ಡಿಗ್ರಿ ಎದ್ದ. ಎದ್ದನೆಂದು ಅವನಿಗೂ ಗೊತ್ತಾಗಲಿಲ್ಲ. ಒಂದೇ ನೆಗೆತಕ್ಕೆ ಕಿಟಕಿಯ ಬಳಿ ಹೋಗಿ ಎರಡೂ ಬಾಗಿಲು ದಢಾರೆಂದು ಮುಚ್ಚಿ ಚಿಲಕ ಹಾಕಿದ. ಗೋಡೆಗೆ ಹಾರಿ ಫ್ಯಾನು ಆರಿಸಿದ. ತಿರುಗಿ ನೋಡಿದ, ಕಂಬಳಿ ಕಾಣಲಿಲ್ಲ, ಅಜ್ಜಿಯ ಮಂಡಿಯ ಮೇಲೆ ಶಾಲು ಕಂಡಿತು. ಅದನ್ನು ಸರ್ರನೆ ಎಳೆದು ತಂದು ಲ್ಯಾಪ್‌ಟಾಪಿನ ಮೇಲೆ ಹೊದಿಸಿ, ಎಲ್ಲಿಯೂ ಗಾಳಿ ನುಗ್ಗದಂತೆ ನಾಲ್ಕೂ ಮೂಲೆಗಳನ್ನು ಮೊಟ್ಟೆ ಟ್ರೇಯ ಕೆಳಗೆ ಜೋಪಾನವಾಗಿ ಸಿಕ್ಕಿಸುತ್ತ, ಎಳೆಯ ಮಗುವಿಗೆ ಹೇಳುವಂತೆ ಹೇಳಿದ:

"ಹೆದರ್ಬೇಡ್ರೋ, ಬಂದೆ ಬಂದೆ, ಹೆದರ್ಬೇಡ್ರೋ..."

ಶಾಲಿನ ಒಳಗಿನಿಂದ ಕಾರು ಯಾವುದಕ್ಕೋ ಗುದ್ದಿದ ಸದ್ದು ಬಂತು. ಆಮೇಲೆ ಗಾಜು ಚೂರಾದ ಸದ್ದು. ಆಮೇಲೆ ಗಂಟೆಯೂ ನಿಂತಿತು, ಫ್ಯಾನುಗಳ ಮೊರೆತವೂ ನಿಂತಿತು. ಲ್ಯಾಪ್‌ಟಾಪು ಬೆಚ್ಚಗೆ ಹೊದ್ದುಕೊಂಡು ಆರಿಹೋಗಿತ್ತು.

ಡಿಗ್ರಿ ತನ್ನ ಎರಡೂ ಕೈಗಳನ್ನು ನೋಡಿಕೊಂಡ, ಬೇರೆ ಯಾರೋ ಬಿಟ್ಟುಹೋದ ಕೈಗಳನ್ನು ನೋಡುವ ಹಾಗೆ.

"ಯಾರೋ ಅದು ನನ್ನ ಶಾಲು ಕಿತ್ಕೊಂಡಿದ್ದು?" ಎಂದು ಅಜ್ಜಿ ಎಚ್ಚರವಾದಳು.

ಅಕ್ಕ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಗುವಿನ ನಡುವೆ ಉಸಿರು ಸಿಕ್ಕಿದಾಗಲೆಲ್ಲ, "ಮರಿ ಆಗುತ್ತೆ ಅಂತ... ಲ್ಯಾಪ್‌ಟಾಪ್ ಮರಿ..." ಎನ್ನುತ್ತಿದ್ದಳು. ಅಮ್ಮ ಮಗನ ಹಣೆ ಮುಟ್ಟಿ ನೋಡಿದಳು. ಡಿಗ್ರಿಗೆ ಅಭ್ಯಾಸಬಲದಿಂದ "ಮೂವತ್ತಾರೂವರೆ" ಎಂದು ಬಾಯಿಗೆ ಬಂತು, ನುಂಗಿಕೊಂಡ.

"ಇದು ಲೆಕ್ಕಕ್ಕಿಲ್ಲ" ಎಂದ ಕೊನೆಗೆ. "ಇದು ಆಕಸ್ಮಿಕ. ಮತ್ತೊಂದು ಸಲ ಓಡಿಸ್ತೀನಿ."

"ಭಾಮೈದ," ಎಂದರು ಭಾವ, ಬಹಳ ಮೆತ್ತಗೆ, ಪರೀಕ್ಷೆಯಲ್ಲಿ ಫೇಲಾದವರಿಗೆ ಹೇಳುವ ದನಿಯಲ್ಲಿ. "ಓಡ್ತಾ ಇರೋ ಗಾಡಿ ಬಿಟ್ಟು ಎದ್ದು ಹೋಗಿ ಮನೆ ಕಿಟಕಿ ಹಾಕೋನಿಗೆ ಯಾವ ಊರಲ್ಲೂ ಲೈಸೆನ್ಸ್ ಕೊಡಲ್ಲಪ್ಪ."

"ಅಜ್ಜಿ, ನೀನು ಹೇಳು. ತೀರ್ಪು ನಿಂದಲ್ವಾ?"

ಅಜ್ಜಿ ಏನಾಯಿತೆಂದು ಎಲ್ಲರಿಂದ ಕೇಳಿ ತಿಳಿದುಕೊಂಡಳು. ಎಲ್ಲರೂ ಹೇಳಿದ್ದು ಒಂದೇ ಕತೆಯಾದರೂ ಅಕ್ಕನಿಂದ ಮಾತ್ರ ಎರಡು ಸಲ ಹೇಳಿಸಿದಳು. ಆಮೇಲೆ ಕೈಚಾಚಿ ಶಾಲು ಎತ್ತಿ, ಲ್ಯಾಪ್‌ಟಾಪನ್ನು ಮುಟ್ಟಿ ನೋಡಿದಳು. ಕಾದು ಕೆಂಡವಾಗಿತ್ತು. ಅಜ್ಜಿಯ ಮುಖ ಬೆಳಗಿತು. ಕುರ್ಚಿಯನ್ನು ಇನ್ನೂ ಹತ್ತಿರ ಎಳೆದುಕೊಂಡು ಬರಿಮಂಡಿಯನ್ನು ಅದರ ಪಕ್ಕಕ್ಕೆ ಒತ್ತಿಕೊಂಡು ಕಣ್ಣು ಮುಚ್ಚಿದಳು.

"ಗೆರೆ ಯಾರು ಮುಟ್ಟಿದ್ದು?"

"ಇವರು" ಎಂದಳು ಅಕ್ಕ ಗಂಡನನ್ನು ತೋರಿಸಿ.

"ಹಾಗಾದ್ರೆ ಅಳಿಯಂದಿರು ಗೆದ್ರು. ಇವನು ನನ್ನ ರೂಮಿಗೆ ಬರಲಿ." ಒಂದು ಕಣ್ಣು ತೆರೆದು ಸೇರಿಸಿದಳು: "ಬರುವಾಗ ಇದನ್ನೂ ತರಲಿ."

ಆಗ ಡಿಗ್ರಿಗೆ ಅರ್ಥವಾಯಿತು. ಕಿಟಕಿ ಇಲ್ಲದ ಕೋಣೆಯಲ್ಲಿ ಶಾಖ ಹೊರಗೆ ಹೋಗುವುದಿಲ್ಲ. ಎರಡೂ ಕಡೆಗೆ ಸೇರದವಳೆಂದು ನಂಬಿ ಕೂರಿಸಿದ ತೀರ್ಪುಗಾರ್ತಿಗೆ ಒಂದು ಮಂಡಿ ಇತ್ತು, ಆ ಮಂಡಿ ಒಂದು ಕಡೆಗೆ ಸೇರಿತ್ತು.

ಮಾರನೆಯ ದಿನ ಅವನ ಹಾಸಿಗೆ, ಮೊಟ್ಟೆ ಟ್ರೇ, ಲ್ಯಾಪ್‌ಟಾಪು ಎಲ್ಲ ಅಡುಗೆಮನೆಯ ಬೆನ್ನಿಗೆ ಬಂದವು. ಅಜ್ಜಿಯ ಮಂಚದ ಪಕ್ಕ ಒಂದು ಸ್ಟೂಲಿಟ್ಟು, ಅದರ ಮೇಲೆ ಟ್ರೇ, ಟ್ರೇಯ ಮೇಲೆ ಲ್ಯಾಪ್‌ಟಾಪಿಟ್ಟ. ಆಚೆ ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಇದರ ಆಯುಷ್ಯ ಮುಗಿಯಿತು ಎಂದುಕೊಂಡು, ದುಃಖದಿಂದಲೇ ಗುಂಡಿಯನ್ನು ಸೊನ್ನೆಗೆ ಎಳೆದ. ಸಾಲದೆಂದು ಸೆಕೆಂಡಿಗೆ ಅರವತ್ತು ಚಿತ್ರಕ್ಕಿಂತ ಹೆಚ್ಚು ಬಿಡಿಸಬೇಡ ಎಂದು ಮಿತಿಯನ್ನೂ ಹಾಕಿದ. ಆಟ ಹಚ್ಚಿದ. ಮೂಲೆಯ ಸಂಖ್ಯೆ ಕಣ್ಣಿಗೆ ಬಿದ್ದರೆ ಹೊಟ್ಟೆ ಉರಿಯುತ್ತದೆಂದು ಅದನ್ನು ಮುಚ್ಚಿಟ್ಟ.

ಕಾರು ಓಡಿತು. ಮೊದಲಿನ ಹಾಗೆಯೇ ಓಡಿತು. ಬಾಗಿಲಲ್ಲಿ ಮೋಡ ಕೂಡ ಕಂಡಿತು. ಫ್ಯಾನುಗಳ ಮೊರೆತ ನಿಂತು, ಕಾರಿನ ಎಂಜಿನ್ನಿನ ಸದ್ದು ಹೇಗಿರುತ್ತದೆಂದು ಅವನಿಗೆ ಮೊದಲ ಸಲ ಕೇಳಿಸಿತು. ಬಿಸಿ ನೋಡಿದರೆ, ಕಿಟಕಿ ಕೋಣೆಯಲ್ಲಿದ್ದುದಕ್ಕಿಂತ ಕಡಿಮೆ. ಇಷ್ಟು ದಿನ ಐಸು, ಫ್ಯಾನು, ಕಿಟಕಿ ಎಂದು ಒದ್ದಾಡಿದ್ದೆಲ್ಲ ತಾನೇ ಹಚ್ಚಿದ ಉರಿಯನ್ನು ತಾನೇ ಊದಿ ಆರಿಸಲು ಎಂದು ಹೊಳೆದು ಅವನ ಮುಖ ಹರಳೆಣ್ಣೆ ಕುಡಿದಂತಾಯಿತು. ಇದನ್ನು ಅಕ್ಕನಿಗೆ ಮಾತ್ರ ಹೇಳಬಾರದು ಎಂದು ನಿಶ್ಚಯಿಸಿದ.

ಅವನಿಗೆ ನೆಮ್ಮದಿಯಾಯಿತು, ಅಜ್ಜಿಗೆ ಆಗಲಿಲ್ಲ.

"ಇದೇನೋ ಇವತ್ತು ಸಪ್ಪಗಿದೆ?"

"ಏನು?"

"ಗಾಳಿ. ಆವತ್ತಿನ ಖಾರ ಇಲ್ಲ. ಉರಿ ಸ್ವಲ್ಪ ಏರಿಸು."

"ಏರಿಸಿದ್ರೆ ಲ್ಯಾಪ್‌ಟಾಪ್ ಹಾಳಾಗುತ್ತಜ್ಜಿ."

"ಅದು ಹಾಳಾಗೋದು ಕಾಣುತ್ತೆ ನಿಂಗೆ. ಅಜ್ಜಿ ಹಾಳಾಗೋದು ಕಾಣಲ್ಲ."

ಡಿಗ್ರಿ ಗುಂಡಿಯನ್ನು ಚೂರು ಬಲಕ್ಕೆ ತಳ್ಳಿದ. ಅಜ್ಜಿ ಬೇಡವೆಂದು ತಲೆಯಾಡಿಸಿದಳು. ಇನ್ನೂ ಚೂರು ತಳ್ಳಿದ. "ಹಾಂ, ಅಲ್ಲೇ ಇರಲಿ" ಎಂದಳು. ಹೀಗೆ ಗ್ರಾಫಿಕ್ಸ್ ಕಾರ್ಡಿನ ವೇಗವನ್ನು ಮಂಡಿಯೊಂದು ನಿರ್ಧರಿಸತೊಡಗಿತು. ಗಂಟೆಯನ್ನು ತೆಗೆದುಹಾಕಬೇಕೆಂದಿದ್ದವನು ಹಾಗೆಯೇ ಬಿಟ್ಟ. ತೊಂಬತ್ತರ ಬದಲು ಎಂಬತ್ತಕ್ಕೆ ಇಳಿಸಿದ. ಗಂಟೆ ಬಾರಿಸಿತೆಂದರೆ ಮಂಡಿಗೆ ಸಾಕಷ್ಟು ಶಾಖ ತಾಗಿತು, ಆವತ್ತಿಗೆ ಆಟ ಮುಗಿಯಿತು ಎಂದು ಇಬ್ಬರ ನಡುವೆ ಒಪ್ಪಂದ. ಮೊದಮೊದಲು ಗಂಟೆ ಬಾರಿಸಿದಾಗೆಲ್ಲ ಡಿಗ್ರಿ ಎದ್ದು ಕಿಟಕಿ ಹುಡುಕುತ್ತಿದ್ದ. ಆ ಕೋಣೆಯಲ್ಲಿ ಕಿಟಕಿ ಇಲ್ಲದ್ದರಿಂದ ಗೋಡೆಗೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತು ಮತ್ತೆ ಬಂದು ಕೂರುತ್ತಿದ್ದ.

ಅಕ್ಕನ ಮನೆಯ ನೆಲ ಒಣಗಿತು. ಹೊರಡುವ ದಿನ ಭಾವ ಕಿಟಕಿ ಕೋಣೆಯ ಬಾಗಿಲಲ್ಲಿ ನಿಂತು, ಗಾಡಿಯ ಕೀಲಿ ಒಪ್ಪಿಸುವವರ ಗಾಂಭೀರ್ಯದಿಂದ ಹೇಳಿದರು: "ತಗೋ ಭಾಮೈದ, ನಿನ್ನ ಕಿಟಕಿ. ಒಂದು ಗೀರು ಬಿದ್ದಿಲ್ಲ."

ಡಿಗ್ರಿ ಆ ಬೆಳಗ್ಗೆಯೇ ಎಲ್ಲವನ್ನೂ ಕಿಟಕಿ ಕೋಣೆಗೆ ಸಾಗಿಸಿದ. ಸಂಜೆ ಹ್ಯಾಚರಿಯಿಂದ ಬಂದು ಕಿಟಕಿ ತೆರೆದ, ಫ್ಯಾನು ಹಾಕಿದ. ಗಾಳಿ ಸುಯ್ಯೆಂದು ಬಂತು. ಆಟ ಹಚ್ಚುವ ಮೊದಲು ನೀರು ಕುಡಿಯಲೆಂದು ಅಡುಗೆಮನೆಗೆ ಹೋಗುತ್ತ ಅಜ್ಜಿಯ ಕೋಣೆಯ ಮುಂದೆ ಹಾದ. ಅಜ್ಜಿ ಮಂಚದ ಮೇಲೆ ಕೂತಿದ್ದಳು. ಶಾಲು ಬಿಚ್ಚಿ ಮಡಿಸಿಟ್ಟಿದ್ದಳು. ಬರಿಮಂಡಿ ಖಾಲಿ ಸ್ಟೂಲಿನ ಕಡೆ ಮುಖ ಮಾಡಿತ್ತು.

ಅವನನ್ನು ಕಂಡು ಅಜ್ಜಿ ಮುಖ ಆಚೆ ತಿರುಗಿಸಿಕೊಂಡಳು. ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಮಾತ್ರ, ಬೀದಿಗೆಲ್ಲ ಕೇಳುವಂತೆ ಹೇಳಿದಳು: "ನನ್ನ ಮಂಡಿ ಬಿಡೇ, ಅದಕ್ಕೇನು! ಹಳೇ ಮಂಡಿ. ಹುಡುಗರು ಗಾಳಿ ಬೆಳಕಿನಲ್ಲಿ ಇರಬೇಕು."

ಡಿಗ್ರಿ 'ನಾನೇನೂ ಕೇಳಿಸಿಕೊಂಡಿಲ್ಲ' ಎಂಬಂತೆ ನೀರು ಕುಡಿದ. ಕಿಟಕಿ ಕೋಣೆಗೆ ಹೋದ. ಕೀಲಿಮಣೆಯ ಮೇಲೆ ಕೈಯಿಟ್ಟ, ತೆಗೆದ. ಆಮೇಲೆ ಲ್ಯಾಪ್‌ಟಾಪನ್ನು ಕಂಕುಳಿಗೆ ಸಿಕ್ಕಿಸಿ, ಮೊಟ್ಟೆ ಟ್ರೇಯನ್ನು ತಲೆಯ ಮೇಲಿಟ್ಟುಕೊಂಡು ನಡುಮನೆ ದಾಟಿ ಬಂದ.

"ಮತ್ತೆಲ್ಲಿಗೋ ಮೆರವಣಿಗೆ?" ಎಂದಳು ಅಮ್ಮ.

"ಆ ರೂಮಲ್ಲಿ ಗಾಳಿ ಜಾಸ್ತಿ ಕಣಮ್ಮ" ಎಂದ. "ಲ್ಯಾಪ್‌ಟಾಪಿಗೆ ನೆಗಡಿ ಆಗುತ್ತೆ."

ಸ್ಟೂಲಿನ ಮೇಲೆ ಟ್ರೇ ಬೋರಲು ಬಿತ್ತು. ಕಾರು ಹೊರಟಿತು. ಅಜ್ಜಿ ಬೆರಳಾಡಿಸಿ ತೋರಿಸಿದಷ್ಟು ಅವನು ಗುಂಡಿಯನ್ನು ಬಲಕ್ಕೆ ತಳ್ಳಿದ. ಆಚೆ ಒಲೆಯ ಮೇಲೆ ಕುಕ್ಕರ್ ಕೂಗಿತು, ಈಚೆ ಫ್ಯಾನು ಮೊರೆಯಿತು, ಗೋಡೆ ಬೆಚ್ಚಗಾಯಿತು. ಎರಡನೆಯ ಸುತ್ತಿನ ಕೊನೆಯಲ್ಲಿ ಗಂಟೆ ಬಾರಿಸಿತು. ಡಿಗ್ರಿ ಏಳಹೊರಟ. ಅಷ್ಟರಲ್ಲಿ ಅಜ್ಜಿ ಕಣ್ಣು ತೆರೆಯದೆಯೇ ಒಂದು ಕೈಯಿಂದ ಅವನ ಅಂಗಿ ಹಿಡಿದು ಕೂರಿಸಿ, ಇನ್ನೊಂದು ಕೈಯಿಂದ ಲ್ಯಾಪ್‌ಟಾಪಿನ ಬೆನ್ನು ತಟ್ಟಿದಳು.

"ಹೆದರ್ಬೇಡ್ವೋ" ಎಂದಳು ಅದಕ್ಕೆ. "ಇನ್ನೊಂದು ಸುತ್ತು, ಅಷ್ಟೇ."